ಟೂರಿಸ್ಟ್ ಆಗಿ ಥಾಯ್ಲೆಂಡಿಗೆ ಹೋಗಿ ಅಲ್ಲೇ ಟೀಚರ್ ಕೆಲಸದ ವೀಸಾ ಮಾಡಿಸಿಕೊಳ್ಳಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಂಗಿ ಬಿ.ಎಡ್ ಮಾಡಿದ್ದಾಳೆ, ಪುಣೆಯ ಶಾಲೆಯಲ್ಲಿ ಮೂರು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದಾಳೆ. ಥಾಯ್ಲೆಂಡಿನ ಶಾಲೆಯಲ್ಲಿ ತಿಂಗಳಿಗೆ 35,000 ಬಾತ್ ಸಂಬಳದ ಕೆಲಸ ಇದೆ ಎಂದು ಏಜೆಂಟ್ ಹೇಳಿದ್ದಾನೆ. ಅವನ ಫೀಸು 1.8 ಲಕ್ಷ ರೂಪಾಯಿ. "ಸದ್ಯ ಟೂರಿಸ್ಟ್ ಆಗಿ ಹೋಗಲಿ, ವೀಸಾ ಅಲ್ಲೇ ಬದಲಾಯಿಸಿ ಕೊಡುತ್ತಾರೆ" ಅನ್ನುತ್ತಾನೆ. ಕಳಿಸಬಹುದಾ ಎಂದು ಕೇಳಿದ್ದೀರಿ.

ಕಳಿಸಬೇಡಿ. ಆ ದೇಶ ಬೇಡ, ಕೆಲಸ ಬೇಡ ಎಂದು ಹೇಳುತ್ತಿಲ್ಲ. ಹೀಗೆ ಕಳಿಸಬೇಡಿ. ಇದೇ ಮಾತನ್ನು 2018ರಲ್ಲಿ ನನಗೂ ಹೇಳಿದ್ದರು. ನಾನು ನಂಬಿ ಹೋದೆ.

ನಾನಿರುವುದು ಡೊಂಬಿವಲಿಯಲ್ಲಿ. ಊರು ಕುಂದಾಪುರದ ಹತ್ತಿರ. ಅಪ್ಪ ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ನಾನೂ ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯಲ್ಲೇ ಗಣಿತ ಕಲಿಸುತ್ತಿದ್ದೆ. ವರ್ಷ ವರ್ಷ ಮಕ್ಕಳು ಕಮ್ಮಿಯಾದರು, ಒಂದೊಂದೇ ತರಗತಿ ಮುಚ್ಚಿತು, ಕೊನೆಗೆ ನನ್ನ ಕೆಲಸವೂ ಹೋಯಿತು. ಆಗ ಅಂಧೇರಿ ಸ್ಟೇಷನ್ ಹತ್ತಿರದ ಒಂದು ಕಚೇರಿಯ ಜಾಹೀರಾತು ಕಣ್ಣಿಗೆ ಬಿತ್ತು. ಕೇಳಿದ್ದು 1.4 ಲಕ್ಷ. ಅರ್ಧ ಬ್ಯಾಂಕಿನಿಂದ ಕೊಟ್ಟೆ, ಅರ್ಧ ನಗದು. ನಗದಿಗೆ ರಸೀದಿ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಮೇ ತಿಂಗಳ ಮೊದಲ ವಾರ 60 ದಿನದ ಟೂರಿಸ್ಟ್ ವೀಸಾದಲ್ಲಿ ಹೊರಟೆ. ಖೊನ್ ಕೆನ್ ಪ್ರಾಂತ್ಯದ ಒಂದು ಸಣ್ಣ ಊರು. ಶಾಲೆ ಚೆನ್ನಾಗಿತ್ತು, ಮಕ್ಕಳು ಇನ್ನೂ ಚೆನ್ನಾಗಿದ್ದರು. ಜೂನಿನಲ್ಲಿ ಅಲ್ಲಿ ಗುರುವಂದನೆಯ ದಿನ ಇರುತ್ತದೆ. ಅದಕ್ಕೆ 'ವಾಯ್ ಖ್ರು' ಅನ್ನುತ್ತಾರೆ. ಖ್ರು ಅಂದರೆ ನಮ್ಮ ಗುರುವೇ. ಮಕ್ಕಳು ಗರಿಕೆ, ಕೇಪಳ ಹೂ, ಬದನೆ ಹೂ ಸೇರಿಸಿ ಕಟ್ಟಿದ ತಟ್ಟೆ ಹಿಡಿದು ಮೊಣಕಾಲೂರಿ ಬಂದು ನಮಸ್ಕರಿಸುತ್ತಾರೆ. ನಮ್ಮೂರಿನ ಅಂಗಳದ ಹೂವನ್ನು ಅಷ್ಟು ದೂರದಲ್ಲಿ, ಅಷ್ಟು ಪುಟ್ಟ ಕೈಗಳಲ್ಲಿ ನೋಡಿ ನನಗೆ ಅಳು ಬಂತು.

ಅದಾಗಿ ಎರಡು ವಾರಕ್ಕೆ, ಒಂದು ಬೆಳಿಗ್ಗೆ, ನನ್ನನ್ನು ಶಾಲೆಗೆ ಸೇರಿಸಿದ್ದ ಏಜೆನ್ಸಿಯ ಹುಡುಗಿ ಓಡಿ ಬಂದಳು. "ಕಾರ್ಮಿಕ ಇಲಾಖೆಯವರು ಬರುತ್ತಿದ್ದಾರೆ, ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಕೂತುಕೊಳ್ಳಿ" ಎಂದಳು. ಅಕ್ಕಿ ಮೂಟೆಗಳ ನಡುವೆ ಎರಡು ಗಂಟೆ ಕೂತಿದ್ದೆ. ನನ್ನ ತರಗತಿಯ ಒಂದು ಮಗು ಹುಡುಕಿಕೊಂಡು ಬಂದು, "ಟೀಚರ್, ಇವತ್ತು ಪಾಠ ಇಲ್ವಾ?" ಎಂದು ಕೇಳಿತು. ಏನು ಹೇಳಬೇಕೋ ತಿಳಿಯಲಿಲ್ಲ. ಹನ್ನೆರಡು ವರ್ಷ ಪಾಠ ಮಾಡಿದವಳು ನಾನು. ಕಳ್ಳಿಯ ಹಾಗೆ ಅಡಗಿ ಕೂತಿದ್ದು ಅದೇ ಮೊದಲು.

ನನ್ನ ಬಳಿ ವರ್ಕ್ ಪರ್ಮಿಟ್ ಇಲ್ಲ ಎನ್ನುವುದರ ಅರ್ಥ ನನಗೆ ಸರಿಯಾಗಿ ತಿಳಿದಿದ್ದು ಅವತ್ತು. ಥಾಯ್ಲೆಂಡಿನಲ್ಲಿ ಪರ್ಮಿಟ್ ಇಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದರೆ ಕೆಲಸಗಾರರಿಗೆ 5,000ದಿಂದ 50,000 ಬಾತ್ ದಂಡ. ದೇಶದಿಂದ ಹೊರಗೆ ಕಳಿಸುತ್ತಾರೆ. ಆಮೇಲೆ ಎರಡು ವರ್ಷ ಹೊಸ ಪರ್ಮಿಟ್ಟಿಗೆ ಅರ್ಜಿ ಹಾಕುವಂತಿಲ್ಲ. ಕೆಲಸ ಕೊಟ್ಟವರಿಗೂ ದಂಡ ಇದೆ, ಆದರೆ ಅವರು ಅದೇ ಊರಿನಲ್ಲಿ ಇರುತ್ತಾರೆ. ಗಡಿ ದಾಟಬೇಕಾದವರು ನಾವು.

ಸಂಬಳದ ಕಥೆಯೂ ಇದಕ್ಕೇ ಅಂಟಿಕೊಂಡಿದೆ. ಹೊರಡುವ ಮುಂಚೆ ಹೇಳಿದ್ದು 30,000 ಬಾತ್. ಮೊದಲ ತಿಂಗಳು ಕೈಗೆ ಬಂದದ್ದು 18,000. ಉಳಿದದ್ದು "ಪರ್ಮಿಟ್ ಖರ್ಚಿಗೆ" ಎಂದರು. ಎರಡನೇ ತಿಂಗಳು 10,000. ಮೂರನೆಯದು ಬರಲೇ ಇಲ್ಲ. ಶಾಲೆಯವರು ನನ್ನ ಲೆಕ್ಕಕ್ಕೆ ಏಜೆನ್ಸಿಗೆ ತಿಂಗಳಿಗೆ 42,000 ಬಾತ್ ಕೊಡುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ನಾನು ಜೋರಾಗಿ ಕೇಳಿದಾಗ ಏಜೆನ್ಸಿಯವರು ಒಂದೇ ಮಾತು ಹೇಳಿದರು: "ದೂರು ಕೊಡುತ್ತೀರಾ? ಕೊಡಿ. ನಿಮ್ಮದು ಯಾವ ವೀಸಾ ಎಂದು ಮೊದಲು ಕೇಳುತ್ತಾರೆ."

ನೀವು ಸಂಬಳದ ವಿಷಯ, ವೀಸಾದ ವಿಷಯ ಎರಡನ್ನೂ ಬೇರೆ ಬೇರೆ ಪ್ರಶ್ನೆಯಾಗಿ ಕೇಳಿದ್ದೀರಿ. ಎರಡೂ ಒಂದೇ. ವೀಸಾ ತಡವಾಗುವುದು ಬರೀ ಸೋಮಾರಿತನದಿಂದಲ್ಲ. ಕಾಗದ ಸರಿ ಇಲ್ಲದವಳು ಸಂಬಳ ಕೇಳುವ ಹಾಗಿಲ್ಲ, ಕೆಲಸ ಬಿಡುವ ಹಾಗಿಲ್ಲ, ಪೊಲೀಸರ ಹತ್ತಿರ ಹೋಗುವ ಹಾಗಿಲ್ಲ. ಮೋಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಹಗ್ಗ ಬೇಕಾ?

ಏಜೆಂಟ್ ಹೇಳುವುದು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ಜನ ನಂಬುತ್ತಾರೆ. ಟೂರಿಸ್ಟ್ ಆಗಿ ಹೋದವರು ಅಲ್ಲೇ ನಾನ್-ಇಮಿಗ್ರೆಂಟ್ ಬಿ ವೀಸಾಕ್ಕೆ, ಅಂದರೆ ಕೆಲಸಕ್ಕೆ ಬರುವವರಿಗೆ ಕೊಡುವ ವೀಸಾಕ್ಕೆ, ಬದಲಾಯಿಸಿಕೊಳ್ಳಲು ದಾರಿ ಇದೆ. ಇಮಿಗ್ರೇಷನ್ ಫೀಸು 2,000 ಬಾತ್. ಆದರೆ ಅರ್ಜಿ ಹಾಕುವಾಗ ಉಳಿಯುವ ಅವಧಿ ಕನಿಷ್ಠ 15 ದಿನ ಬಾಕಿ ಇರಬೇಕು. ಶಾಲೆಯ ಕಾಗದಗಳೆಲ್ಲ ಸರಿ ಇರಬೇಕು. ವರ್ಕ್ ಪರ್ಮಿಟ್ ಕೈಗೆ ಬರುವವರೆಗೆ ತರಗತಿಗೆ ಕಾಲಿಡುವಂತಿಲ್ಲ. ಈ ಕೊನೆಯ ಮಾತನ್ನು ಯಾವ ಏಜೆಂಟೂ ಹೇಳುವುದಿಲ್ಲ. 2023ರ ನವೆಂಬರಿನಲ್ಲಿ ಥಾಯ್ಲೆಂಡ್ ಭಾರತದ ಪ್ರವಾಸಿಗರಿಗೆ ವೀಸಾ ಬೇಡ ಎಂದ ಮೇಲೆ ಇವರ ಕೆಲಸ ಇನ್ನೂ ಸುಲಭವಾಯಿತು. ಟಿಕೆಟ್ ತೆಗೆದರೆ ಮುಗಿಯಿತು.

ಸರಿಯಾದ ಶಾಲೆ ಏನು ಮಾಡುತ್ತದೆ? ಕರಾರು ಪತ್ರ, ಶಾಲೆಯ ನೋಂದಣಿ ಕಾಗದ, ಅಲ್ಲಿನ ಇಲಾಖೆಯ ಪತ್ರ ಎಲ್ಲವನ್ನೂ ಮೊದಲೇ ಕಳಿಸುತ್ತದೆ. ಅದನ್ನು ತೋರಿಸಿ ಮುಂಬಯಿಯ ಥಾಯ್ ಕಾನ್ಸುಲೇಟ್ ಮೂಲಕ ನಾನ್-ಬಿ ವೀಸಾ ಪಡೆದು ವಿಮಾನ ಹತ್ತಬೇಕು. ಡಿಗ್ರಿ ದೃಢೀಕರಣ, ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ಇವನ್ನೂ ಕೇಳುತ್ತಾರೆ. ಅಲ್ಲಿ ಶಿಕ್ಷಕರಿಗೆ 'ಖುರುಸಪ' ಎಂಬ ಮಂಡಳಿಯ ಲೈಸೆನ್ಸ್ ಬೇಕು. ನಿಮ್ಮ ತಂಗಿ ಬಿ.ಎಡ್ ಮಾಡಿರುವುದು ಅಲ್ಲಿ ನಿಜವಾಗಿಯೂ ಬೆಲೆ ಇರುವ ವಿಷಯ. ಇಷ್ಟೊಂದು ಕಾಗದ ಕೇಳುವ ಶಾಲೆ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ಏನೂ ಕೇಳದೆ "ನಾಳೆ ಬನ್ನಿ" ಎನ್ನುವವರ ಬಗ್ಗೆ ಹೆದರಿ.

ಸಂಬಳ ಯಾರು ಕೊಡುತ್ತಾರೆ, ಶಾಲೆಯೋ ಏಜೆನ್ಸಿಯೋ ಎಂದು ಬರಹದಲ್ಲಿ ಕೇಳಿ. ಅಕ್ಟೋಬರ್ ರಜೆಗೆ, ಮಾರ್ಚಿನಿಂದ ಮೇ ಮಧ್ಯದವರೆಗಿನ ದೊಡ್ಡ ರಜೆಗೆ ಸಂಬಳ ಇದೆಯಾ ಎಂದೂ ಕೇಳಿ. ಶಾಲೆಯ ಫೋನ್ ನಂಬರನ್ನು ಏಜೆಂಟ್ ಹತ್ತಿರ ತೆಗೆದುಕೊಳ್ಳಬೇಡಿ, ನೀವೇ ಹುಡುಕಿ. ಅಲ್ಲಿ ಈಗ ಕೆಲಸ ಮಾಡುತ್ತಿರುವ ಭಾರತದ ಅಥವಾ ಫಿಲಿಪೀನ್ಸಿನ ಟೀಚರ್ ಜೊತೆ ಮಾತಾಡಿಸಿ ಎನ್ನಿ. "ನಿಮಗೆ ವರ್ಕ್ ಪರ್ಮಿಟ್ ಬಂದು ಎಷ್ಟು ದಿನ ಆಯಿತು?" ಎಂಬ ಒಂದು ಪ್ರಶ್ನೆ ಸಾಕು.

ಇನ್ನು 1.8 ಲಕ್ಷದ ವಿಷಯ. ನಮ್ಮ 1983ರ ವಲಸೆ ಕಾಯ್ದೆಯಲ್ಲಿ ನೋಂದಣಿ ಇಲ್ಲದೆ ಯಾರೂ ವಿದೇಶಕ್ಕೆ ಕೆಲಸಗಾರರನ್ನು ಕಳಿಸುವಂತಿಲ್ಲ. ನೋಂದಣಿ ಇದ್ದವರೂ 30,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 35,400ಕ್ಕಿಂತ ಜಾಸ್ತಿ ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಇವತ್ತೇ ನೋಡಿ. ಈ ವಿಷಯದಲ್ಲಿ ಓದಿದವರಿಗೇ ಒಂದು ತೊಂದರೆ ಇದೆ. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಮುದ್ರೆ ಬೀಳುವುದಿಲ್ಲ. ಹಾಗಾಗಿ ಹೋಗುವ ಮುಂಚೆ ಟೀಚರ್ ಕರಾರನ್ನು ಯಾವ ಅಧಿಕಾರಿಯೂ ನೋಡುವುದಿಲ್ಲ. ಗಾರೆ ಕೆಲಸಕ್ಕೆ ಹೋಗುವವನಿಗೆ ಇರುವ ಆ ಒಂದು ತಡೆ ನಮಗಿಲ್ಲ. ನಾವೇ ನೋಡಿಕೊಳ್ಳಬೇಕು. ಅನುಮಾನ ಇದ್ದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ವಿದೇಶ ಭವನದಲ್ಲಿ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಕಚೇರಿ ಇದೆ, ವಿದೇಶಕ್ಕೆ ಕೆಲಸಕ್ಕೆ ಹೋಗುವವರ ವಿಷಯ ನೋಡಿಕೊಳ್ಳುವ ಸರ್ಕಾರಿ ಕಚೇರಿ. ಪುಣೆಯಿಂದ ಒಂದು ದಿನದಲ್ಲಿ ಹೋಗಿ ಬರಬಹುದು. ಕೇಳುವುದಕ್ಕೆ ದುಡ್ಡು ಬೇಡ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 1800-11-3090.

ಇನ್ನೊಂದು ಮಾತು, ಭಯ ಹುಟ್ಟಿಸಲು ಅಲ್ಲ. ಬ್ಯಾಂಕಾಕಿನಿಂದ ಮುಂದೆ ಮೇ ಸೋಟ್ ಎಂಬ ಊರಿಗೆ ಹೋಗಬೇಕು ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಅದು ಮ್ಯಾನ್ಮಾರ್ ಗಡಿ. ಥಾಯ್ಲೆಂಡಿನಲ್ಲಿ ಕೆಲಸ ಎಂದು ಕರೆದು, ನದಿ ದಾಟಿಸಿ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕುತ್ತಾರೆ. 2025ರ ಮಾರ್ಚಿನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಅಲ್ಲಿಂದ 500ಕ್ಕೂ ಹೆಚ್ಚು ಭಾರತೀಯರನ್ನು ವಾಪಸ್ ಕರೆತಂದವು.

ನಾನು ಹೇಗೆ ಬಂದೆ ಅಂತಲೂ ಹೇಳುತ್ತೇನೆ. ಜುಲೈನಲ್ಲಿ 1,900 ಬಾತ್ ಕಟ್ಟಿ 30 ದಿನ ಮುಂದುವರಿಸಿಕೊಂಡಿದ್ದೆ. ಆಮೇಲೆ "ನಾನ್-ಬಿ ಮಾಡಿಸುತ್ತೇವೆ" ಎಂದು ಏಜೆನ್ಸಿಯವರು ಪಾಸ್‌ಪೋರ್ಟ್ ತೆಗೆದುಕೊಂಡು ಹೋದರು. ಗಡುವು ಮುಗಿಯಿತು, ಪಾಸ್‌ಪೋರ್ಟ್ ಬರಲಿಲ್ಲ. ರಾತ್ರಿ ನಿದ್ದೆ ಇರಲಿಲ್ಲ. ಮನೆಗೆ ಫೋನ್ ಮಾಡಿದರೆ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದೆ. ಪಕ್ಕದ ಕೋಣೆಯಲ್ಲಿದ್ದ ಫಿಲಿಪೀನ್ಸಿನ ಟೀಚರ್ ಒಬ್ಬಳು ಇದನ್ನೆಲ್ಲ ಮೊದಲೇ ಅನುಭವಿಸಿದ್ದಳು. "ಸುಮ್ನೆ ಅಳಬೇಡ, ನಿಮ್ಮ ರಾಯಭಾರ ಕಚೇರಿಗೆ ಬರೆ" ಎಂದು ಬೈದಳು. ಪಾಸ್‌ಪೋರ್ಟಿನೊಳಗೇ ಅದು ಭಾರತ ಸರ್ಕಾರದ ಸ್ವತ್ತು ಎಂದು ಅಚ್ಚಾಗಿದೆ. ಯಾವ ಖಾಸಗಿಯವನೂ ಇಟ್ಟುಕೊಳ್ಳುವಂತಿಲ್ಲ. ವಿದೇಶಾಂಗ ಸಚಿವಾಲಯದ 'ಮದದ್' ತಾಣದಲ್ಲಿ ಮೊಬೈಲಿನಿಂದಲೇ ದೂರು ಹಾಕಿದೆ. ಪಾಸ್‌ಪೋರ್ಟಿನ ಫೋಟೋ, ಸಂಬಳದ ಮೆಸೇಜುಗಳು, ಕರಾರು ಎಲ್ಲ ಸೇರಿಸಿದೆ. ಬ್ಯಾಂಕಾಕಿನಿಂದ ನನಗೂ ಫೋನ್ ಬಂತು, ಏಜೆನ್ಸಿಗೂ ಹೋಯಿತು. ಐದನೇ ದಿನ ಪಾಸ್‌ಪೋರ್ಟ್ ಕೈಗೆ ಬಂತು. ಅದರಲ್ಲಿ ಯಾವ ಹೊಸ ಮುದ್ರೆಯೂ ಇರಲಿಲ್ಲ. ಅರ್ಜಿಯನ್ನೇ ಹಾಕಿರಲಿಲ್ಲ.

ಅವತ್ತಿಗೆ 11 ದಿನ ಜಾಸ್ತಿ ಉಳಿದಿದ್ದೆ. ದಿನಕ್ಕೆ 500 ಬಾತ್ ಲೆಕ್ಕದಲ್ಲಿ ವಿಮಾನ ನಿಲ್ದಾಣದಲ್ಲಿ 5,500 ಕಟ್ಟಿದೆ. ಅದರಲ್ಲಿ 3,000 ಆ ಗೆಳತಿ ಕೊಟ್ಟಿದ್ದು. 90 ದಿನ ದಾಟಿದ್ದರೆ ಒಂದು ವರ್ಷ ಆ ದೇಶಕ್ಕೆ ಕಾಲಿಡುವ ಹಾಗಿರಲಿಲ್ಲ. ಮಕ್ಕಳಿಗೆ ಹೋಗಿ ಬರುತ್ತೇನೆ ಎಂದು ಹೇಳಲು ಆಗಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಬಂದ ಮೇಲೆ ವಿದೇಶ ಭವನದಲ್ಲೂ ಪೊಲೀಸ್ ಠಾಣೆಯಲ್ಲೂ ದೂರು ಕೊಟ್ಟೆ. ಬ್ಯಾಂಕಿನಿಂದ ಕೊಟ್ಟ 70,000 ಹತ್ತು ತಿಂಗಳ ಮೇಲೆ ವಾಪಸ್ ಬಂತು. ನಗದು ಕೊಟ್ಟ 70,000ಕ್ಕೆ ಸಾಕ್ಷಿ ಇರಲಿಲ್ಲ, ಅದು ಹೋಯಿತು. ಮೂರು ತಿಂಗಳ ಬಾಕಿ ಸಂಬಳವೂ ಹೋಯಿತು.

ನಿಮ್ಮ ತಂಗಿಯ ಹತ್ತಿರ ಏಜೆಂಟ್ ಈಗಾಗಲೇ ಮುಂಗಡ ತೆಗೆದುಕೊಂಡಿದ್ದರೆ, ಮೊದಲು ಅದರ ರಸೀದಿಯನ್ನು ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ಕರಾರು ಕೊಟ್ಟಿದ್ದರೆ ಹೆಸರು, ಪಾಸ್‌ಪೋರ್ಟ್ ನಂಬರ್ ಅಳಿಸಿ ಇಲ್ಲಿ ಹಾಕಿ. ನನಗೆ ಸಂಜೆ ಟ್ಯೂಷನ್ ಮುಗಿಯುವುದು ಎಂಟು ಗಂಟೆಗೆ, ಆಮೇಲೆ ಕೂತು ಸಾಲು ಸಾಲಾಗಿ ಓದಿ ಹೇಳುತ್ತೇನೆ.