ಊರು ಬದಲಾಯಿತು, ವೋಟರ್ ಐಡಿ ಹಳೇದೇ ಇದೆ

ಪ್ರಶ್ನೆ: ನನ್ನ ತವರು ಗದಗ-ಬೆಟಗೇರಿ. ಮದುವೆಯಾಗಿ ಧಾರವಾಡಕ್ಕೆ ಬಂದು ಮೂರು ವರ್ಷ ಆಯ್ತು, ಬಾಡಿಗೆ ಮನೆಯಲ್ಲಿದ್ದೇವೆ. ಇಲ್ಲೇ ವೋಟು ಹಾಕೋಣ ಅಂತ ಮೊಬೈಲಿನಲ್ಲಿ ಫಾರ್ಮ್ 6 ತುಂಬಿದೆ. ತಿಂಗಳಾದ ಮೇಲೆ ನೋಡಿದರೆ 'ತಿರಸ್ಕೃತ' ಅಂತಿದೆ, ಯಾಕೆ ಅಂತ ತಿಳಿಯಲಿಲ್ಲ. ಗದಗಿನ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಇದೆ. ಎರಡು ಕಡೆ ಹೆಸರು ಬರೆಸಿದರೆ ಕೇಸ್ ಆಗುತ್ತದೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಏನು ಮಾಡಲಿ ಅಕ್ಕಾವರೇ?
(ಹೆಸರು ಬೇಡ, ಧಾರವಾಡ)

ಉತ್ತರ: ಮೊದಲು ಹೆದರಿಕೆ ಬಿಡಿ. ಫಾರ್ಮ್ 6 ಮೊದಲ ಸಲ ಹೆಸರು ಸೇರಿಸುವವರಿಗೆ ಮಾತ್ರ. ಅದರ ಕೊನೆಗೆ 'ನನ್ನ ಹೆಸರು ಬೇರೆ ಯಾವ ಕ್ಷೇತ್ರದಲ್ಲೂ ಇಲ್ಲ' ಅಂತ ಒಪ್ಪಿಕೊಳ್ಳುವ ಮಾತಿದೆ. ಗೊತ್ತಿದ್ದೂ ಸುಳ್ಳು ಬರೆದವರಿಗೆ 1950ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ ಪ್ರಕಾರ 1 ವರ್ಷದವರೆಗೆ ಜೈಲು ಇಲ್ಲವೇ ದಂಡ ಆಗಬಹುದು. ಪಕ್ಕದ ಮನೆಯವರ ಮಾತಿನ ಮೂಲ ಅದೇ. ಆದರೆ ನೀವು ತಿಳಿಯದೆ ಬೇರೆ ಫಾರ್ಮ್ ಆರಿಸಿದ್ದೀರಿ, ಅಷ್ಟೇ. ಅದನ್ನೇ ಮತ್ತೆ ತುಂಬಬೇಡಿ.

ನಿಮಗೆ ಬೇಕಾದದ್ದು ಫಾರ್ಮ್ 8. ಮನೆ ಬದಲಾವಣೆ, ಹೆಸರು ತಿದ್ದುಪಡಿ, ಕಳೆದುಹೋದ ಕಾರ್ಡು, ಎಲ್ಲಕ್ಕೂ 2022ರ ಆಗಸ್ಟ್‌ನಿಂದ ಅದೊಂದೇ. ಅದರಲ್ಲಿ ವಾಸ ಬದಲಾವಣೆ ಆರಿಸಿ, 'ಕ್ಷೇತ್ರದ ಹೊರಗೆ' ಅನ್ನುವುದನ್ನು ಒತ್ತಿ, ಹಳೇ ಕಾರ್ಡಿನ ನಂಬರ್ ಹಾಕಿ. ಇಲ್ಲಿ ಹೆಸರು ಸೇರಿದ ಮೇಲೆ ಗದಗಿನದನ್ನು ಚುನಾವಣಾ ಅಧಿಕಾರಿಗಳೇ ತೆಗೆಯುತ್ತಾರೆ. ನಂಬರ್ ಮೊದಲಿನದೇ ಉಳಿಯುತ್ತದೆ.

ನನಗೆ ಬೇಜಾರಾಗುವುದು ಇಲ್ಲೇ. ಹೊಸ ಊರು, ಹೊಸ ಮನೆ ಅಂದಮೇಲೆ ಯಾರಾದರೂ 'ಹೊಸ ನೋಂದಣಿ' ಅಂತಲೇ ಒತ್ತುತ್ತಾರೆ, ಅಲ್ವಾ? ಫಾರ್ಮಿನ ನಂಬರ್ ಯಾರ ತಲೆಯಲ್ಲಿರುತ್ತದೆ? 'ನಿಮ್ಮ ಹೆಸರು ಈಗಾಗಲೇ ಯಾವುದಾದರೂ ಊರಿನ ಪಟ್ಟಿಯಲ್ಲಿದೆಯಾ?' ಅಂತ ಎಲ್ಲಕ್ಕಿಂತ ಮೊದಲು ದೊಡ್ಡ ಅಕ್ಷರದಲ್ಲಿ, ನಮ್ಮ ಕನ್ನಡದಲ್ಲಿ ಕೇಳಿಬಿಟ್ಟು, ಹೌದು ಅಂದವರನ್ನು ನೇರ ಫಾರ್ಮ್ 8ಕ್ಕೆ ಕಳಿಸಿದರೆ ಎಷ್ಟು ಜನರ ಓಡಾಟ ತಪ್ಪೀತು. ತಿರಸ್ಕರಿಸಿದಾಗಲೂ ಹಾಗೇ: 'ನಿಮ್ಮ ಹೆಸರು ಗದಗಿನಲ್ಲಿದೆ, ಫಾರ್ಮ್ 8 ಹಾಕಿ' ಅಂತ ಒಂದು ಸಾಲು ಬಂದಿದ್ದರೆ ನೀವು ಹೀಗೆ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ, ಕೇಸಿನ ಭಯವೂ ಇರುತ್ತಿರಲಿಲ್ಲ.

ಈಗ ಕ್ಷೇತ್ರದ ಮಾತು. ಧಾರವಾಡದಲ್ಲಿದ್ದೇನೆ ಅಂತ ಸುಮ್ನೆ 'ಧಾರವಾಡ' ಆರಿಸಬೇಡಿ. ಊರಿನ ಬಹಳಷ್ಟು ಓಣಿಗಳು 'ಹುಬ್ಬಳ್ಳಿ-ಧಾರವಾಡ ಪಶ್ಚಿಮ' ಕ್ಷೇತ್ರಕ್ಕೆ ಸೇರಿವೆ. 'ಧಾರವಾಡ' ಅನ್ನುವ ಕ್ಷೇತ್ರದಲ್ಲಿ ಸುತ್ತಲಿನ ಹಳ್ಳಿಗಳೇ ಜಾಸ್ತಿ. ಮನೆ ಮಾಲೀಕರು ಅದೇ ಕಟ್ಟಡದಲ್ಲಿದ್ದರೆ ಅವರ ವೋಟರ್ ಐಡಿ ನಂಬರ್ ಹಾಕಿ ಮತದಾರರ ಪಟ್ಟಿಯಲ್ಲಿ ಹುಡುಕಿ, ಕ್ಷೇತ್ರ ಮತ್ತು ಪಟ್ಟಿಯ ಭಾಗದ ಸಂಖ್ಯೆ ಎರಡೂ ಸಿಗುತ್ತವೆ.

ವಿಳಾಸದ ದಾಖಲೆಗೆ ಬಾಡಿಗೆದಾರರು ಒದ್ದಾಡುತ್ತಾರೆ. ಫಾರ್ಮ್ ಕೇಳುವುದು ನೋಂದಣಿಯಾದ ಬಾಡಿಗೆ ಪತ್ರ, ನಮ್ಮ ಕಡೆ ಎಲ್ಲರ ಹತ್ತಿರ ಇರುವುದು ಬರೀ ಬಾಂಡ್ ಪೇಪರಿನ ಕರಾರು. ಹೆಸ್ಕಾಂ ಕರೆಂಟ್ ಬಿಲ್ಲೂ ಮಾಲೀಕರ ಹೆಸರಲ್ಲೇ ಬರುತ್ತದೆ. ಸುಲಭದ ದಾರಿ ಅಂದರೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್‌ನಲ್ಲಿ ಈಗಿನ ವಿಳಾಸ ಹಾಕಿಸಿಕೊಳ್ಳುವುದು, ಇಲ್ಲವೇ ಆಧಾರ್‌ನಲ್ಲಿ ಬದಲಿಸುವುದು. ಅದಾದ ಮೇಲೇ ಅರ್ಜಿ ಹಾಕಿ.

ಇನ್ನೊಂದು ಮಾತು ಹೇಳಲೇಬೇಕು. ಹೋದ ತಿಂಗಳು ನಮ್ಮ ಪಕ್ಕದ ಮನೆಯ ಹುಡುಗಿಯ ಜೊತೆ ಕೂತು ಅರ್ಜಿ ತುಂಬಿಸಿದೆ. ಅಡ್ಡಹೆಸರು ಕಮಡೊಳ್ಳಿ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಕೂಡಲೇ ಕೆಳಗಿನ ಕನ್ನಡ ಡಬ್ಬಿಯಲ್ಲಿ ತಾನಾಗಿ 'ಕಮದೊಲ್ಲಿ' ಅಂತ ಬಂತು. ಅವಳು ನೋಡದೇ ಮುಂದಿನ ಪುಟಕ್ಕೆ ಹೊರಟಿದ್ದಳು, ನಾನೇ ಕೈ ಹಿಡಿದು ನಿಲ್ಲಿಸಿದೆ. ಡ, ಳ, ಣ ಇರುವ ಹೆಸರಿನವರು ಆ ಡಬ್ಬಿಯನ್ನು ಅಕ್ಷರ ಅಕ್ಷರ ಓದಿ ತಿದ್ದಿ.

ಕಳಿಸಿದ ಮೇಲೆ ಬರುವ ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ. ಅರ್ಜಿ ಎಲ್ಲಿಗೆ ಬಂತು ಅಂತ ಅದರಿಂದಲೇ ನೋಡಬೇಕು. ಬಿಎಲ್‌ಓ, ಅಂದರೆ ಬೂತ್ ಮಟ್ಟದ ಅಧಿಕಾರಿ, ಪರಿಶೀಲನೆಗೆ ಮನೆಗೆ ಬಂದಾಗ ಬೀಗ ಇದ್ದು, ಕೆಳಗಿನ ಮನೆಯವರು 'ಅಂಥವರು ಇಲ್ಲಿಲ್ಲ' ಅಂದರೆ ಕೆಲಸ ಕೆಟ್ಟಿತು. ಮಾಲೀಕರಿಗೆ ತಿಳಿಸಿಡಿ. ಏನಾದರೂ ತೊಡಕಾದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾನು ಬ್ಯಾಡಗಿಯವನು, ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದೇನೆ. ಆಗಸ್ಟ್‌ನಲ್ಲಿ 18 ತುಂಬುತ್ತದೆ. ಜನವರಿವರೆಗೆ ಕಾಯಬೇಕಾ? ಯಾವ ಊರಿನ ವಿಳಾಸ ಕೊಡಲಿ?
(ಒಬ್ಬ ವಿದ್ಯಾರ್ಥಿ)

ಉತ್ತರ: ಕಾಯಬೇಕಿಲ್ಲ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ನಾಲ್ಕೂ ತಿಂಗಳ 1ನೇ ತಾರೀಖು 18 ತುಂಬಿದೆಯಾ ಅಂತ ನೋಡುವ ಲೆಕ್ಕಕ್ಕಿದೆ. ನಿಮಗೆ ಅಕ್ಟೋಬರ್ 1 ಹೊಂದುತ್ತದೆ. 17 ದಾಟಿದವರು ಮುಂಚೆಯೇ ಅರ್ಜಿ ಹಾಕಿಡಬಹುದು. ನಿಮ್ಮದು ಫಾರ್ಮ್ 6. ವಿಳಾಸ ಎರಡರಲ್ಲಿ ಒಂದು, ಆಯ್ಕೆ ನಿಮ್ಮದು. ಹಾಸ್ಟೆಲಿನದಾದರೆ ಕಾಲೇಜಿನ ಪ್ರಿನ್ಸಿಪಾಲರಿಂದ ಪ್ರಮಾಣಪತ್ರ ತೆಗೆದುಕೊಳ್ಳಿ. ಊರಿನದಾದರೆ ಬಿಎಲ್‌ಓ ಬರುವುದು ಬ್ಯಾಡಗಿಯ ಮನೆಗೆ, ಹಾಗಾಗಿ ಅಪ್ಪ-ಅವ್ವಗೆ ಮೊದಲೇ ಫೋನ್ ಮಾಡಿ ಹೇಳಿ.