ನೀವು ಕೇಳಿದ್ರಿ: ಖಾತೆಗೆ ಬಿದ್ದ ಎರಡು ಸಾವಿರ ಎಲ್ಲಿಗೆ ಹೋಗುತ್ತೆ?

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಗೃಹಲಕ್ಷ್ಮಿ ದುಡ್ಡಿನ ಬಗ್ಗೇನೇ ಇದ್ವು, ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ತಿಂಗಳಿಗೆ ಇಟ್ಕೊಂಡಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಅಕ್ಕಾ, ನಮ್ಮದು ಹಿರಿಯೂರು ತಾಲ್ಲೂಕು. ಯಜಮಾನ್ರು ಗಾರೆ ಕೆಲ್ಸ, ನಾನು ಕೂಲಿಗೆ ಹೋಗ್ತೀನಿ, ಇಬ್ಬರು ಹೆಣ್ಮಕ್ಕಳು. ಗೃಹಲಕ್ಷ್ಮಿ ದುಡ್ಡು ಬರುತ್ತೆ ಆದ್ರೆ ಬಂದಿದ್ದೂ ಗೊತ್ತಾಗಲ್ಲ ಹೋಗಿದ್ದೂ ಗೊತ್ತಾಗಲ್ಲ. ನಂಗೆ ಹೊಲಿಗೆ ಮಿಷನ್ ತಗೋಬೇಕು ಅಂತ ಆಸೆ, ನಮ್ಮನೆಯವ್ರು ಹಸು ತರೋಣ ಅಂತಾರೆ. ಏನ್ಮಾಡ್ಲಿ?

ಉತ್ತರ: ಮೊದಲು ಒಂದು ಮಾತು ತಂಗಿ, ಕಿರಾಣಿಗೆ ಹೋಯ್ತು, ಮಕ್ಕಳ ನೋಟ್‌ಬುಕ್ಕಿಗೆ ಹೋಯ್ತು, ಜ್ವರ ಬಂದಾಗ ಡಾಕ್ಟ್ರಿಗೆ ಹೋಯ್ತು ಅಂದ್ರೆ ಅದು ಹಾಳಾಯ್ತು ಅಂತ ಅಲ್ಲ. ಆ ದುಡ್ಡು ಇಲ್ದಿದ್ರೆ ಅದೇ ಖರ್ಚಿಗೆ ಅಂಗಡಿಯಲ್ಲಿ ಸಾಲ ಬರೆಸ್ತಿದ್ರಿ, ಇಲ್ಲಾ ಯಾರ ಹತ್ರಾನೋ ಕೈಗಡ ತಗೊಂಡು ಬಡ್ಡಿ ಕಟ್ತಿದ್ರಿ. ಆ ಬಡ್ಡಿ ಉಳೀತಲ್ಲ, ಅದು ಲೆಕ್ಕಕ್ಕೇ ಬರಲ್ಲ, ಅದಕ್ಕೇ ದುಡ್ಡು ಎಲ್ಲೋ ಮಾಯ ಆಯ್ತು ಅನ್ಸುತ್ತೆ.

ಆದ್ರೂ ನಿಮ್ಮ ಸಂಕಟ ನಿಜ. ತಿಂಗಳಿಗೆ ಎರಡು ಸಾವಿರ ಅಂದ್ರೆ ವರ್ಷಕ್ಕೆ ಇಪ್ಪತ್ನಾಲ್ಕು ಸಾವಿರ, ಅದು ಸಣ್ಣ ದುಡ್ಡಲ್ಲ, ಆದ್ರೆ ತುಂಡು ತುಂಡಾಗಿ ಬಂದ್ರೆ ತುಂಡು ತುಂಡಾಗೇ ಹೋಗುತ್ತೆ. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಆಫ್ರಿಕಾದ ಕೀನ್ಯಾದಲ್ಲಿ ಗಿವ್‌ಡೈರೆಕ್ಟ್ಲಿ ಅಂತ ಒಂದು ಸಂಸ್ಥೆ ಇದೆ, ಹಳ್ಳಿಯ ಬಡವ್ರ ಮೊಬೈಲಿಗೇ ನೇರವಾಗಿ ದುಡ್ಡು ಹಾಕುತ್ತೆ, ಇಂಥದ್ದಕ್ಕೇ ಖರ್ಚು ಮಾಡಿ ಅನ್ನೋ ಷರತ್ತೇ ಇಲ್ಲ. ಅವ್ರು ಕೆಲವು ಊರಿಗೆ ತಿಂಗಳಿಗೆ ಸುಮಾರು 22 ಡಾಲರ್ ಕೊಟ್ರು, ಇನ್ನು ಕೆಲವು ಊರಿಗೆ ಒಂದೇ ಗಂಟಾಗಿ 500 ಡಾಲರ್ ಹತ್ರ ಕೊಟ್ರು. ಅಭಿಜಿತ್ ಬ್ಯಾನರ್ಜಿ, ಅದೇ ನಮ್ಮ ನೊಬೆಲ್ ಬಂದ ಅರ್ಥಶಾಸ್ತ್ರಜ್ಞರು, ಅವ್ರ ತಂಡ ಇದನ್ನ ವರ್ಷಗಟ್ಟಲೆ ನೋಡ್ತು. ಗಂಟಾಗಿ ಸಿಕ್ಕವ್ರು ಸಣ್ಣಪುಟ್ಟ ವ್ಯಾಪಾರ ಶುರು ಮಾಡಿದ್ದು ಜಾಸ್ತಿ. ನಂಗೆ ಖುಷಿಯಾದ ವಿಷ್ಯ ಇನ್ನೊಂದಿದೆ. ಬಹಳ ವರ್ಷ ತಿಂಗಳಾ ತಿಂಗಳಾ ಬರುತ್ತೆ ಅಂತ ಭರವಸೆ ಇದ್ದವ್ರೂ ಹಿಂದೆ ಬೀಳ್ಲಿಲ್ಲ, ಅವ್ರು ಸೇರ್ಕೊಂಡು ಚೀಟಿ ಕಟ್ಟಿದ್ರು! ಹೌದು, ನಮ್ಮ ಓಣಿ ಹೆಂಗಸ್ರು ಮಾಡೋ ಅದೇ ಚೀಟಿ, ಪ್ರತಿ ತಿಂಗಳು ಎಲ್ರೂ ಹಾಕೋದು, ಒಬ್ರು ಎತ್ತೋದು. ಹೀಗೆ ಸಣ್ಣ ದುಡ್ಡನ್ನ ತಾವೇ ದೊಡ್ಡ ಗಂಟು ಮಾಡ್ಕೊಂಡ್ರು.

ನಿಮಗೂ ಅದೇ ಬೇಕಿರೋದು, ಗಂಟು. ಆದ್ರೆ ಇಲ್ಲೊಂದು ತೊಡಕಿದೆ, ನಮ್ಮಲ್ಲಿ ಕಂತು ಹೇಳಿದ ದಿನಕ್ಕೆ ಬರಲ್ಲ, ಎರಡ್ಮೂರು ತಿಂಗಳು ತಡ ಆಗಿ ಒಟ್ಟಿಗೆ ಬಿದ್ದಿದ್ದೂ ಇದೆ. ಹಾಗಾಗಿ ಈ ದುಡ್ಡನ್ನೇ ನಂಬ್ಕೊಂಡು ಯಾವ ಸಾಲದ ಕಂತೂ ಕಟ್ತೀನಿ ಅಂತ ಒಪ್ಕೋಬೇಡಿ, ಫೈನಾನ್ಸ್‌ನವ್ರು ಗೃಹಲಕ್ಷ್ಮಿ ಬರುತ್ತಲ್ಲ ತಗೊಳ್ಳಿ ಅಂತಾರೆ, ದುಡ್ಡು ಬರದ ತಿಂಗಳು ಅವ್ರೇ ಬಾಗಿಲಿಗೆ ಬಂದು ಕೂರ್ತಾರೆ. ಪೋಸ್ಟ್ ಆಫೀಸ್ ಆರ್‌ಡಿ, ಅಂದ್ರೆ ತಿಂಗಳಾ ತಿಂಗಳಾ ಇಷ್ಟು ಅಂತ ಕಟ್ಟೋ ಉಳಿತಾಯ, ಒಳ್ಳೇದೇ, ನೂರು ರೂಪಾಯಿಂದ ಶುರು ಮಾಡ್ಬೋದು, ಆದ್ರೆ ತಿಂಗಳು ತಪ್ಪಿದ್ರೆ ನೂರಕ್ಕೆ ಒಂದು ರೂಪಾಯಿ ದಂಡ, ನಾಲ್ಕು ಸಲ ತಪ್ಪಿದ್ಮೇಲೆ ಖಾತೆ ನಿಂತೇ ಹೋಗುತ್ತೆ. ಅದಕ್ಕೆ ಆರ್‌ಡಿ ಕಟ್ಟೋದಾದ್ರೆ ಮುನ್ನೂರೋ ನಾನ್ನೂರೋ, ಕೂಲಿ ದುಡ್ಡಲ್ಲೂ ತುಂಬೋಕೆ ಆಗೋವಷ್ಟು ಮಾತ್ರ ಕಟ್ಟಿ. ಗೃಹಲಕ್ಷ್ಮಿಯದ್ದು ಬಿದ್ದಾಗ ಅರ್ಧ ಮನೆಗೆ, ಅರ್ಧ ಖಾತೆಯಲ್ಲೇ ಬಿಡಿ, ಇಲ್ಲಾ ನಿಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಉಳಿತಾಯಕ್ಕೆ ಹಾಕಿ. ಎಟಿಎಂ ಕಾರ್ಡು ಯಾರ ಜೇಬಲ್ಲಿದೆ ಅನ್ನೋದು ನಾನು ಕೇಳಲ್ಲ, ಆದ್ರೆ ನಿಮ್ಮ ಹತ್ರ ಇರಬೇಕು. ನಮ್ಮಮ್ಮ ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡ್ತಿದ್ಲು, ಅಪ್ಪ ಒಗ್ಗರಣೆ ಹಾಕಲ್ಲ ಅನ್ನೋ ಧೈರ್ಯದ ಮೇಲೆ.

ಈಗ ಮಿಷನ್ನೋ ಹಸುವೋ. ಹಸು ಅಂದ್ರೆ ಐವತ್ತು ಅರವತ್ತು ಸಾವಿರದ ಮಾತು, ಮೇವು ಬೇಕು, ನೀರು ಬೇಕು, ಬತ್ತಿದ ತಿಂಗಳುಗಳಲ್ಲಿ ಹಾಲಿಲ್ಲ ಆದ್ರೆ ತಿನ್ನೋದು ಬಿಡಲ್ಲ. ಸ್ವಂತ ಜಮೀನು ಇಲ್ದೆ ಮೇವು ಕೊಂಡು ಹಾಕೋರಿಗೆ ನಾನು ಮೊದಲನೇ ಹೆಜ್ಜೆಗೇ ಹಸು ಅನ್ನಲ್ಲ. ಹೊಲಿಗೆ ಮಿಷನ್ ಏಳೆಂಟು ಸಾವಿರಕ್ಕೆ ಬರುತ್ತೆ, ಅಂದ್ರೆ ಅರ್ಧ ಉಳಿಸಿದ್ರೂ ಎಂಟು ಕಂತಲ್ಲಿ ಆಯ್ತು, ಬಸ್ಸು ಹೇಗೂ ಫ್ರೀ ಇದೆ ಹಿರಿಯೂರಿಗೆ ಹೋಗಿ ಬ್ಲೌಸ್ ಹೊಲಿಯೋದು ಸರಿಯಾಗಿ ಕಲಿತ್ಕೊಂಡು ಆಮೇಲೆ ತಗೊಳ್ಳಿ. ಕಲೀದೇ ಮಿಷನ್ ತಂದು ಮೇಲೆ ಬಟ್ಟೆ ಮಡಚಿಡೋ ಮನೆಗಳು ನಾನು ಬೇಕಾದಷ್ಟು ನೋಡಿದೀನಿ. ಯಜಮಾನ್ರಿಗೆ ಸಾಕಣೆ ಮೇಲೇ ಮನಸ್ಸಿದ್ರೆ ನಿಮ್ಮ ಕಡೆ ಕುರಿ ಇದ್ದೇ ಇದೆ, ಎರಡು ಗಂಡು ಮರಿ ತಂದು ಮೇಯಿಸಿ ಬಕ್ರೀದ್ ಹೊತ್ತಿಗೆ ಮಾರೋದು ಹಸುವಿಗಿಂತ ಕಡಿಮೆ ತಲೆನೋವು. ಗಜೇಂದ್ರಗಡದ ಕಡೆ ಅತ್ತೆ ಸೊಸೆ ಸೇರಿ ಇದೇ ದುಡ್ಡು ಕೂಡಿಟ್ಟು ಬೋರ್‌ವೆಲ್ ಕೊರೆಸಿದ್ದು, ರಾಯಬಾಗ ತಾಲ್ಲೂಕಲ್ಲಿ ಒಬ್ಬ ತಾಯಿ ಊರಿಗೇ ಒಂದು ಲೈಬ್ರರಿ ಮಾಡಿದ್ದು ಪೇಪರಲ್ಲಿ ಓದಿರ್ತೀರಿ. ಆ ಬೋರ್‌ವೆಲ್ ಬರೀ ಎರಡು ಸಾವಿರದಿಂದ ಆಗಿಲ್ಲ, ಮನೆಯವ್ರ ಬೇರೆ ದುಡ್ಡೂ ಸೇರಿತ್ತು ಅನ್ನೋದು ನೆನಪಿರ್ಲಿ, ಆದ್ರೆ ಇದು ಕೈಯಲ್ಲಿತ್ತು ಅಂತಾನೇ ಉಳಿದಿದ್ದು ಹೊಂದಿಸೋ ಧೈರ್ಯ ಬಂದಿದ್ದು.

ಪ್ರಶ್ನೆ: ಮೇಡಂ, ನಾನು ದಾವಣಗೆರೆ ಕಡೆಯ ರೈತ, ಹತ್ತು ಎಕರೆ ಇದೆ. ಪುಕ್ಕಟೆ ದುಡ್ಡು ಕೊಟ್ಟೂ ಕೊಟ್ಟೂ ಜನ ಸೋಮಾರಿ ಆಗಿದಾರೆ, ಕಳೆ ತೆಗೆಯೋಕೆ ಆಳು ಸಿಗಲ್ಲ. ಗಂಡಸ್ರಂತೂ ಹೆಂಡ್ತಿ ದುಡ್ಡಲ್ಲಿ ಕುಡೀತಾರೆ. ಇದನ್ನ ಯಾಕೆ ಯಾರೂ ಬರೆಯಲ್ಲ?

ಉತ್ತರ: ಬರೀತೀನಿ ಸ್ವಾಮಿ, ಆದ್ರೆ ನಿಮಗೆ ಪೂರ್ತಿ ಹಿಡಿಸದೇ ಇರಬೋದು. ಕುಡಿಯೋರು ಇದಾರೆ, ಮೊದ್ಲೂ ಇದ್ರು. ಈ ದುಡ್ಡಿಂದ ಕುಡಿತ ಜಾಸ್ತಿ ಆಯ್ತಾ ಅನ್ನೋದೇ ಪ್ರಶ್ನೆ. ಕೀನ್ಯಾದ ರರಿಯೇಡಾ ಅನ್ನೋ ಕಡೆ ಇದೇ ಥರ ದುಡ್ಡು ಕೊಟ್ಟು ಅಳೆದು ನೋಡಿದ್ರು, 2016ರಲ್ಲಿ ಅದರ ವರದಿ ಬಂತು, ಹೆಂಡ ಬೀಡಿಗೆ ಖರ್ಚು ಏರಿರ್ಲಿಲ್ಲ, ಊಟ ಸುಧಾರಿಸಿತ್ತು, ಹುಲ್ಲಿನ ಮಾಡು ತೆಗೆದು ತಗಡು ಹಾಕಿಸಿದ್ರು, ದನಕರು ತಗೊಂಡಿದ್ರು. ಅಲ್ಲೇ ಸಿಯಾಯ ಜಿಲ್ಲೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮನೆಗೆ ಸುಮಾರು 1,000 ಡಾಲರ್ ಕೊಟ್ಟಾಗ, ಆ ದುಡ್ಡು ಊರೂರು ಸುತ್ತಿ ಹೆಚ್ಚುಕಮ್ಮಿ ಎರಡೂವರೆ ಪಟ್ಟು ವಹಿವಾಟು ಆಯ್ತು, ದುಡ್ಡು ಸಿಗದ ಮನೆಗಳ ಅಂಗಡಿಗೂ ವ್ಯಾಪಾರ ಆಯ್ತು, ಬೆಲೆ ಏರಿದ್ದು ಇಲ್ಲವೇ ಇಲ್ಲ ಅನ್ನೋವಷ್ಟು.

ಆಳಿನ ವಿಷ್ಯಕ್ಕೆ ಹತ್ತಿರದ ಉದಾಹರಣೆ ಮಧ್ಯಪ್ರದೇಶದ್ದು. ಅಲ್ಲಿ 2011ರಲ್ಲಿ ಸೇವಾ ಅನ್ನೋ ಹೆಣ್ಮಕ್ಕಳ ಸಂಘಟನೆ ಯುನಿಸೆಫ್ ಜೊತೆ ಎಂಟು ಹಳ್ಳಿಯಲ್ಲಿ ದೊಡ್ಡವ್ರಿಗೆ ತಿಂಗಳಿಗೆ 200, ಮಕ್ಕಳಿಗೆ 100 ಕೊಡೋಕೆ ಶುರು ಮಾಡ್ತು, ಆಮೇಲೆ ಅದನ್ನ 300, 150 ಮಾಡಿದ್ರು. ಜನ ಕೆಲ್ಸ ಬಿಡ್ಲಿಲ್ಲ, ಬೇರೆಯವ್ರ ಹೊಲಕ್ಕೆ ಕೂಲಿ ಹೋಗೋದು ಕಮ್ಮಿ ಮಾಡಿ ತಮ್ಮ ತುಂಡು ಹೊಲ ಮಾಡ್ಕೊಂಡ್ರು, ಬೀಜ ಗೊಬ್ಬರ ತಂದ್ರು, ಕುರಿ ಕೋಳಿ ತಗೊಂಡ್ರು. ದೊಡ್ಡ ಹಿಡುವಳಿಯವ್ರಿಗೆ ಅದು ಸೋಮಾರಿತನ ಥರ ಕಾಣ್ಸುತ್ತೆ ಅಷ್ಟೇ. ನಿಮ್ಮ ಕಷ್ಟ ಸುಳ್ಳು ಅಂತಿಲ್ಲ, ಆಳಿನ ಖರ್ಚು ಕಟ್ಟಿ ಬೆಳೆಗೆ ರೇಟು ಸಿಗದೇ ಇರೋದು ದೊಡ್ಡ ನೋವೇ, ಆದ್ರೆ ಅದರ ಸಿಟ್ಟು ಎರಡು ಸಾವಿರದ ಹೆಂಗಸಿನ ಮೇಲೆ ಯಾಕೆ? ನಿಮಗೂ ಪಿಎಂ ಕಿಸಾನ್ ವರ್ಷಕ್ಕೆ ಆರು ಸಾವಿರ ಬರ್ತಿರ್ಬೇಕಲ್ಲ, ಅದರಿಂದ ನೀವು ಸೋಮಾರಿ ಆದ್ರಾ?

ಪ್ರಶ್ನೆ: ರೇಷನ್ ಕಾರ್ಡಲ್ಲಿ ನಮ್ಮತ್ತೆ ಯಜಮಾನಿ, ದುಡ್ಡೆಲ್ಲ ಅವ್ರಿಗೇ. ಮನೆ ನಡೆಸೋದು ನಾನು. ಕಾರ್ಡು ಬೇರೆ ಮಾಡಿಸ್ಲಾ?

ಉತ್ತರ: 2013ರ ಆಹಾರ ಭದ್ರತೆ ಕಾಯ್ದೆ ಪ್ರಕಾರ ಮನೆಯ ಹಿರಿಯ ಹೆಂಗಸೇ ಯಜಮಾನಿ, ಗೃಹಲಕ್ಷ್ಮಿ 2023ರಲ್ಲಿ ಬಂದಾಗ ಅದೇ ಕಾರ್ಡು ನೋಡಿ ಕೊಟ್ರು, ನಿಮ್ಮತ್ತೆ ಏನೂ ಮೋಸ ಮಾಡಿಲ್ಲ. ಬರೀ ಎರಡು ಸಾವಿರಕ್ಕೆ ಒಲೆ ಬೇರೆ ಮಾಡ್ಬೇಡಿ. ಒಂದಿನ ಕೂತು ಮಾತಾಡಿ, ಅತ್ತೆ ಮಾತ್ರೆಗೆ ಇಷ್ಟು, ಮೊಮ್ಮಕ್ಕಳ ಓದಿಗೆ ಇಷ್ಟು ಅಂತ. ಮೊಮ್ಮಗಳಿಗೆ ಹತ್ತು ವರ್ಷ ತುಂಬಿಲ್ಲ ಅಂದ್ರೆ ಸುಕನ್ಯಾ ಸಮೃದ್ಧಿ ಖಾತೆ ತೆಗೀಬೋದು, ವರ್ಷಕ್ಕೆ 250 ಕಟ್ಟಿದ್ರೂ ನಡೆಯುತ್ತೆ, ಅಜ್ಜಿ ದುಡ್ಡಲ್ಲಿ ಮೊಮ್ಮಗಳ ಹೆಸ್ರಿಗೆ ಅಂದ್ರೆ ಅಜ್ಜಿಯಂದಿರು ಇಲ್ಲ ಅನ್ನೋದು ಕಷ್ಟ.

ಪ್ರಶ್ನೆ: ನಾನು ಗುತ್ತಿಗೆಗೆ ಹೊಲ ಮಾಡ್ತೀನಿ, ಪಿಎಂ ಕಿಸಾನ್ ದುಡ್ಡು ಬೆಂಗಳೂರಲ್ಲಿರೋ ಹೊಲದ ಮಾಲೀಕರಿಗೆ ಹೋಗುತ್ತೆ. ನ್ಯಾಯಾನಾ?

ಉತ್ತರ: ನ್ಯಾಯ ಅಲ್ಲ, ಆದ್ರೆ ನಿಯಮ ಹಾಗಿದೆ, ಪಹಣಿಯಲ್ಲಿ ಯಾರ ಹೆಸ್ರಿದೆಯೋ ಅವ್ರಿಗೆ. ತೆಲಂಗಾಣದಲ್ಲಿ ರೈತರಿಗೆ ಎಕರೆ ಲೆಕ್ಕದಲ್ಲಿ ದುಡ್ಡು ಕೊಡ್ತಿದ್ದ ರೈತಬಂಧು ಯೋಜನೆಯಲ್ಲೂ ಇದೇ ದೂರು ಇತ್ತು. ಹೊಲ ನೋಡಿ ಕೊಡೋ ದುಡ್ಡು ಹೊಲ ಇಲ್ಲದವನ ಹತ್ರ ಬರೋದೇ ಇಲ್ಲ, ಗೃಹಲಕ್ಷ್ಮಿ ಥರ ಮನೆ ನೋಡಿ ಕೊಡೋದು ನಂಗೆ ಮೆಚ್ಚುಗೆ ಆಗೋದು ಅದಕ್ಕೇ. ಸದ್ಯಕ್ಕೆ ಗುತ್ತಿಗೆ ಮಾತಾಡುವಾಗ ಆ ಆರು ಸಾವಿರ ಲೆಕ್ಕಕ್ಕೆ ಹಿಡಿದು ಗುತ್ತಿಗೆ ಹಣ ಇಳಿಸಿ ಅಂತ ಕೇಳಿ, ಕೇಳೋದ್ರಲ್ಲಿ ತಪ್ಪೇನಿಲ್ಲ.

ಪ್ರಶ್ನೆ: ಅಕ್ಕಾ, ಅಕ್ಕಪಕ್ಕದವ್ರಿಗೆಲ್ಲ ಬಂತು, ನಂಗೆ ಮಾತ್ರ ಒಂದು ಕಂತೂ ಬಂದಿಲ್ಲ. ಬ್ಯಾಂಕಲ್ಲಿ ಕೇಳಿದ್ರೆ ಆಧಾರ್ ಲಿಂಕ್ ಆಗಿದೆ ಅಂತಾರೆ.

ಉತ್ತರ: ಖಾತೆಗೆ ಆಧಾರ್ ನಂಬರ್ ಬರೆಸೋದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್, ಅಂದ್ರೆ ನಿಮ್ಮ ಆಧಾರಿಗೆ ಬರೋ ದುಡ್ಡು ಯಾವ ಖಾತೆಗೆ ಬೀಳ್ಬೇಕು ಅಂತ ಗುರುತು ಮಾಡೋದು, ಬೇರೆ. ಸರ್ಕಾರದ ದುಡ್ಡು ಮ್ಯಾಪಿಂಗ್ ಆಗಿರೋ ಖಾತೆಗೇ ಹೋಗಿ ಬೀಳೋದು, ಅದು ನೀವು ಮರೆತೇ ಹೋಗಿರೋ ಹಳೇ ಜನಧನ್ ಖಾತೆಯೂ ಆಗಿರಬೋದು, ಮೊದ್ಲು ಅದರ ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ. ಅಲ್ಲೂ ಇಲ್ಲ ಅಂದ್ರೆ ಆಧಾರ್, ರೇಷನ್ ಕಾರ್ಡ್ ಎರಡರಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ನೋಡಿ, ಒಂದರಲ್ಲಿ ಲಕ್ಷ್ಮಮ್ಮ ಇನ್ನೊಂದರಲ್ಲಿ ಲಕ್ಷ್ಮೀದೇವಿ ಆದ್ರೂ ಸಿಕ್ಕಾಕೊಳ್ಳುತ್ತೆ. ಆಮೇಲೆ ತಾಲ್ಲೂಕಿನ ಸಿಡಿಪಿಓ (ಅಂಗನವಾಡಿಗಳನ್ನ ನೋಡ್ಕೊಳ್ಳೋ ಅಧಿಕಾರಿ) ಆಫೀಸಿಗೆ ಎರಡರ ಜೆರಾಕ್ಸ್ ತಗೊಂಡು ಹೋಗಿ, ಜೊತೆಗೆ ನಿಮ್ಮೂರಿನ ಅಂಗನವಾಡಿ ಟೀಚರನ್ನ ಕರ್ಕೊಂಡು ಹೋದ್ರೆ ಕೆಲ್ಸ ಬೇಗ ಆಗುತ್ತೆ.