ಡಾಮಿನೆಂಟ್ ಜೀನ್ ಯಾರನ್ನೂ ಸೋಲಿಸಲ್ಲ

ನಮಸ್ಕಾರ. ನೀವು ಕಳ್ಸಿದ ‘ಅಪ್ಪನ ಮೂಗು, ಅಮ್ಮನ ಕಣ್ಣು’ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಗುಣಗಳು ತಲೆಮಾರಿಂದ ತಲೆಮಾರಿಗೆ ದಾಟೋ ನಿಯಮ ಕಂಡುಹಿಡಿದ ಮೆಂಡೆಲ್ ಮಠದ ತೋಟದಲ್ಲಿ ಬಟಾಣಿ ಬೆಳೆಸಿದ ಭಾಗ ಚೆನ್ನಾಗಿ ಬಂದಿದೆ. ಆದ್ರೆ ಎರಡು ಸಾಲು ಓದಿ ನಂಗೆ ನಿಜವಾಗ್ಲೂ ಸಿಟ್ಟು ಬಂತು.

ಒಂದು: “ಬಲಶಾಲಿ ಡಾಮಿನೆಂಟ್ ಜೀನ್ ದುರ್ಬಲ ಜೀನನ್ನು ಸೋಲಿಸುತ್ತದೆ, ಆದ್ದರಿಂದಲೇ ಅದರ ಗುಣ ಹೆಚ್ಚು ಜನರಲ್ಲಿ ಕಾಣುತ್ತದೆ.” ಎಲ್ಲಿ ಸೋಲಿಸ್ತು? ಪ್ರತಿ ಜೀನಿಗೂ ಎರಡು ಕಾಪಿ ಇರುತ್ತೆ, ತಂದೆಯಿಂದೊಂದು, ತಾಯಿಯಿಂದೊಂದು; ಒಂದೇ ಕಾಪಿ ಇದ್ರೂ ಗುಣ ಕಾಣಿಸಿದ್ರೆ ಅದು ಡಾಮಿನೆಂಟ್, ಅಷ್ಟೇ. ನಿಮ್ಮದೇ ಬಟಾಣಿ ತಗೊಳ್ಳಿ. ಸುಕ್ಕು ಕಾಳಿನ ಜೀನ್ ಮಧ್ಯೆ ಡಿಎನ್‌ಎ ತುಂಡೊಂದು ಬಂದು ಸೇರ್ಕೊಂಡಿದೆ, ಅದ್ರಿಂದ ಪಿಷ್ಟ ಕಟ್ಟೋಕೆ ಬೇಕಾದ ಒಂದು ಎಂಜೈಮ್ ಆಗಲ್ಲ, ಸಕ್ಕರೆ ಹಾಗೇ ಉಳಿಯುತ್ತೆ, ಕಾಳು ಜಾಸ್ತಿ ನೀರು ಹೀರ್ಕೊಂಡು ಊದುತ್ತೆ, ಒಣಗುವಾಗ ಸುಕ್ಕಾಗುತ್ತೆ. ಸರಿಯಾದ ಕಾಪಿ ಒಂದಿದ್ರೆ ಸಾಕು, ಕಾಳು ಗುಂಡಗಾಗುವಷ್ಟು ಎಂಜೈಮ್ ಸಿಗುತ್ತೆ. ಸುಕ್ಕಿನ ಕಾಪಿ ಎಲ್ಲೂ ಹೋಗಿರಲ್ಲ, ಮುಂದಕ್ಕೆ ದಾಟುತ್ತೆ, ಮೆಂಡೆಲ್‌ಗೆ ಎರಡನೇ ತಲೆಮಾರಲ್ಲಿ 5474 ಗುಂಡು ಕಾಳಿನ ಜೊತೆ 1850 ಸುಕ್ಕು ಕಾಳು ಸಿಕ್ಕಿದ್ದು ಅದಕ್ಕೇ. ಇನ್ನು ಹೆಚ್ಚು ಜನ ಅಂದ್ರಲ್ಲ, ಓ ಗ್ರೂಪ್ ರಕ್ತ ರಿಸೆಸಿವ್, ಅಂದ್ರೆ ಎರಡೂ ಕಾಪಿ ಅದೇ ಆಗಿದ್ರೆ ಮಾತ್ರ ಕಾಣೋದು, ಆದ್ರೂ ನಮ್ಮ ಕಡೆ ಎಷ್ಟೊಂದು ಜನಕ್ಕಿದೆ! ಮಿದುಳಿಗೆ ಬರೋ ಹಂಟಿಂಗ್ಟನ್ ಕಾಯಿಲೆ ಡಾಮಿನೆಂಟ್, ಆದ್ರೂ ಅಪರೂಪ.

ಎರಡನೇದು ಇನ್ನೂ ಕೆಟ್ಟದ್ದು, ಥಲಸ್ಸೀಮಿಯಾ ಅನ್ನೋ ರಕ್ತದ ಕಾಯಿಲೆ ಬಗ್ಗೆ, ಅದರ ಕೆಟ್ಟ ಜೀನಿನ ಒಂದೇ ಕಾಪಿ ಹೊತ್ತಿರೋ ಕ್ಯಾರಿಯರ್‌ಗಳ ಬಗ್ಗೆ: “ತಂದೆ ತಾಯಿ ಇಬ್ಬರೂ ಥಲಸ್ಸೀಮಿಯಾ ಕ್ಯಾರಿಯರ್ ಆದರೆ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಕಾಯಿಲೆ ಬರುತ್ತದೆ.” ನಾನು ಪತ್ರಿಕೆ ಡೆಸ್ಕಲ್ಲಿ ಕೆಲಸ ಕಲೀತಿದ್ದಾಗ ಹಿರಿಯ ಉಪಸಂಪಾದಕರೊಬ್ರು ಆರೋಗ್ಯದ ಲೇಖನ ಕೈಗೆ ಕೊಟ್ಟು ‘ಆ ಕಾಯಿಲೆ ಇರೋರ ಮನೇಲಿ ಕೂತು ಓದ್ತಿದೀಯ ಅಂದ್ಕೋ’ ಅನ್ನೋರು, ಸಾಲುಸಾಲಿಗೂ ಪೆನ್ಸಿಲ್ ಇಟ್ಟು ನಿಲ್ಲಿಸೋರು, ಎಷ್ಟೋ ರಾತ್ರಿ ಕೊನೇ ಬಸ್ಸು ತಪ್ಪಿದೆ ನಂಗೆ, ಆದ್ರೆ ಆ ಅಭ್ಯಾಸ ಬಿಟ್ಟಿಲ್ಲ. ನೀವೂ ಹಾಗೆ ಓದಿ. ಮೊದಲ ಮಗುಗೆ ಮೂರ್ನಾಲ್ಕು ವಾರಕ್ಕೊಂದ್ಸಲ ರಕ್ತ ಹಾಕಿಸ್ಕೊಂಡು ಬರ್ತಿರೋ ತಾಯಿ, ಒಂದಕ್ಕೆ ಬಂದಾಯ್ತಲ್ಲ ಇನ್ನು ಮುಂದಿನದಕ್ಕೆ ಭಯ ಇಲ್ಲ ಅಂದ್ಕೊಂಡ್ರೆ? ಪ್ರತಿ ಸಲ ಬಸುರಾದಾಗ್ಲೂ ಕಾಯಿಲೆ ಬರೋ ಸಂಭವ ಅದೇ 25%, ಹಿಂದಿನ ಮಗು ಲೆಕ್ಕಕ್ಕೇ ಬರಲ್ಲ.

ಕ್ಯಾರಿಯರ್ ಆದೋರು ಸಾಮಾನ್ಯವಾಗಿ ಆರೋಗ್ಯವಾಗೇ ಇರ್ತಾರೆ, ರಕ್ತ ಪರೀಕ್ಷೆ ಮಾಡಿಸಿದ್ರೇನೇ ಗೊತ್ತಾಗೋದು ಅಂತ ಬರೀರಿ. ಸೋದರಮಾವನಿಗೆ ಹೆಣ್ಣು ಕೊಡೋ ಮನೆಗಳ ಬಗ್ಗೆನೂ ಬರೀರಿ, ಅಲ್ಲಿ ಹುಡುಗನ ತಾಯೀನೇ ಹುಡುಗಿಯ ಅಜ್ಜಿ, ಅವರಲ್ಲಿದ್ದ ಒಂದೇ ಒಂದು ಕೆಟ್ಟ ಕಾಪಿ ಎರಡೂ ಕಡೆಯಿಂದ ಮಗುಗೆ ಬಂದು ಸೇರಬಹುದು. ಕಣ್ಣಿನ ಬಣ್ಣದ ಎರಡು ಪ್ಯಾರಾ ತೆಗೆದ್ರೆ ಜಾಗ ಆಗುತ್ತೆ. ತಿದ್ದಿ ಕಳ್ಸಿ.